ಬಾವಿಯ ತಳದಲ್ಲಿ ಅಮ್ಮ

ನಾನು ಚಿಕ್ಕವಳಿದ್ದಾಗ, ಬಾವಿಯ ಕಟ್ಟೆಗೆ ನನ್ನ ಗಲ್ಲ ಸರಿಯಾಗಿ ತಾಗುತ್ತಿದ್ದ ವರ್ಷ, ನಮ್ಮ ತೋಟಕ್ಕೆ ಆಯಿಲ್ ಇಂಜಿನ್ ಬಂತು. ಗುಬ್ಬಿಯಿಂದ ಎತ್ತಿನ ಗಾಡಿಯಲ್ಲಿ, ಹುಲ್ಲು ಹಾಸಿ, ಬಾಣಂತಿಯನ್ನು ಮಲಗಿಸಿಕೊಂಡು ಬರುವ ಹಾಗೆ ತಂದರು. ನಮ್ಮೂರು ಹಾಗಲವಾಡಿಯ ಹತ್ತಿರ. ಆ ಕಡೆ ಆಗ ಇಂಜಿನ್ ಇದ್ದ ಮನೆಗಳು ಎರಡೋ ಮೂರೋ. ಅಲ್ಲಿಯವರೆಗೆ ನಮ್ಮ ತೆಂಗಿನ ಮರಗಳು ಕುಡಿದದ್ದೆಲ್ಲ ಎತ್ತುಗಳು ಎಳೆದ ನೀರು. ಎತ್ತು ಮುಂದಕ್ಕೆ ಹೋದರೆ ಚರ್ಮದ ಚೀಲ ಮೇಲೆ ಬರುತ್ತಿತ್ತು, ಹಿಂದಕ್ಕೆ ಬಂದರೆ ಕೆಳಗೆ ಹೋಗುತ್ತಿತ್ತು. ಇಡೀ ಬೆಳಗ್ಗೆ ಅದೇ ಕೀರಲು ಸದ್ದು. ನಾನು ಆ ಸದ್ದಿನಲ್ಲೇ ಎಷ್ಟೋ ಸಲ ಕಟ್ಟೆಗೆ ಒರಗಿ ನಿದ್ದೆ ಹೋಗಿದ್ದೇನೆ.

ಅಮ್ಮ ಕುಣಿಗಲ್ ಕಡೆಯವಳು. ಅವಳ ತವರು ದೊಡ್ಡ ಕೆರೆಯ ಅಂಚಿನಲ್ಲಿತ್ತು. ಈಜು ಬರುತ್ತಿತ್ತು. ನಮ್ಮೂರಲ್ಲಿ ಹೆಂಗಸರು ಈಜುವುದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅಜ್ಜಿ, ಅಂದರೆ ಅಪ್ಪನ ಅಮ್ಮ, ಸಿಟ್ಟು ಬಂದಾಗಲೆಲ್ಲ ಅವಳನ್ನು ‘ನೀರುಕೋಳಿ’ ಎನ್ನುತ್ತಿದ್ದಳು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕೇಳದೆ ಬಿಟ್ಟ ಪ್ರಶ್ನೆಯೇ ಇಲ್ಲ. ಬಳೆಗಾರ ಬಂದರೆ ಬಳೆ ತೊಡಿಸಿಕೊಳ್ಳುವುದಕ್ಕಿಂತ, ಗಾಜು ಒಡೆಯದೆ ಹೇಗೆ ಬಾಗುತ್ತದೆ ಎಂದು ಅವನ ತಲೆ ತಿನ್ನುವುದೇ ಹೆಚ್ಚು. ಅಪ್ಪ ತುಮಕೂರಿನಿಂದ ತಂದ ಹೊಸ ಟಾರ್ಚನ್ನು ಬಿಚ್ಚಿ, ಬೆಳಕು ಎಲ್ಲಿ ಕೂತಿದೆ ಎಂದು ಹುಡುಕಿದಳು. ಮತ್ತೆ ಜೋಡಿಸುವಾಗ ಒಂದು ಸ್ಪ್ರಿಂಗ್ ಕೈಯಲ್ಲೇ ಉಳಿಯಿತು. ಆ ಟಾರ್ಚು ಆಮೇಲೆ ಹತ್ತಲಿಲ್ಲ. ಅಪ್ಪ ಮೂರು ದಿನ ಮಾತಾಡಲಿಲ್ಲ.

ಇಷ್ಟೆಲ್ಲ ಚಡಪಡಿಸುವ ಅಮ್ಮ ಬೆಳಗ್ಗೆ ಒಂದು ಹೊತ್ತು ಮಾತ್ರ ಕಲ್ಲಿನ ಹಾಗೆ ಕೂರುತ್ತಿದ್ದಳು. ನಾವು ಲಿಂಗ ಕಟ್ಟಿಕೊಳ್ಳುವವರು. ಅಮ್ಮನ ಕೊರಳಲ್ಲಿ ನಿಂಬೆಹಣ್ಣಿನ ಗಾತ್ರದ ಬೆಳ್ಳಿ ಕರಡಿಗೆ, ಅದರೊಳಗೆ ಅವಳ ಲಿಂಗ. ಕರಡಿಗೆ ತೂಗುತ್ತಿದ್ದ ದಾರಕ್ಕೆ ಶಿವದಾರ ಅನ್ನುತ್ತಾರೆ. ಮಿಂದು, ಹಣೆಗೆ ವಿಭೂತಿ ಧರಿಸಿ, ಲಿಂಗವನ್ನು ಎಡಗೈಯ ಅಂಗೈ ಮೇಲಿಟ್ಟುಕೊಂಡು ಕೂತಳೆಂದರೆ ಮನೆಗೆ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ. ಆ ಪೂಜೆ ಆಗುವವರೆಗೆ ಒಂದು ಹನಿ ನೀರೂ ಗಂಟಲಿಗೆ ಇಳಿಯುವಂತಿರಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತೆಯೂ ಇರಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕಿಟಕಿಯ ಬಿಸಿಲು ಅಮ್ಮನ ಮಡಿಲಿಗೆ ಬಂದು ಬೀಳುತ್ತಿತ್ತು. ಅವಳು ಅಂಗೈಯನ್ನು ಹೇಗೆ ನೋಡುತ್ತಿದ್ದಳೆಂದರೆ, ಅದರೊಳಗೆ ಇನ್ನೊಂದು ಊರು ಇದೆಯೇನೋ ಅನ್ನಿಸುತ್ತಿತ್ತು.

ಆ ಶನಿವಾರ ಬೆಳಗ್ಗೆ ಅಮ್ಮ ಮಿಂದು ಬಂದು ಪೂಜೆಗೆ ಮಣೆ ಹಾಕಿದ್ದಳು. ಅಷ್ಟರಲ್ಲಿ ತೋಟದಿಂದ ಕಬ್ಬಿಣ ಬಡಿಯುವ ಸದ್ದು ಕೇಳಿತು. ಇಂಜಿನ್ ಕೂರಿಸಲು ಗುಬ್ಬಿಯಿಂದ ಬಂದಿದ್ದ ಸಾಬರು ಪೈಪು ಜೋಡಿಸುತ್ತಿದ್ದರು. ಬಿಳಿ ಗಡ್ಡದ, ಮೆತ್ತಗೆ ಮಾತಾಡುವ ಮನುಷ್ಯ. ಸೋಮವಾರ ನಮ್ಮ ಮಠದ ಅಯ್ನೋರು ಬಂದು ಪೂಜೆ ಮಾಡಿದ ಮೇಲೆ ಇಂಜಿನ್ ಹೊಡೆಯುವುದು ಎಂದು ಅಜ್ಜಿ ಗೊತ್ತು ಮಾಡಿದ್ದಳು. ಅಮ್ಮ ನನ್ನನ್ನು ನೋಡಿದಳು. “ಒಂದ್ ಗಳಿಗೆ ನೋಡ್ಕೊಂಡ್ ಬಂದು ಕೂತ್ಕತೀನಿ, ಬಾ” ಎಂದು ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೇಬಿಟ್ಟಳು. ತಮ್ಮ ಇನ್ನೂ ಎದೆಹಾಲು ಕುಡಿಯುವ ಕೂಸು. ಅಕ್ಕ ಒಲೆ ಮುಂದೆ ಇದ್ದಳು, ನಾನು ಹಿಂದೆ ಓಡಿದೆ.

ಸಾಬರು ಬಿಂದಿಗೆಯಿಂದ ಪೈಪಿನೊಳಕ್ಕೆ ನೀರು ಸುರಿಯುತ್ತಿದ್ದರು. ಅಮ್ಮನಿಗೆ ಅಷ್ಟು ಸಾಕಾಯಿತು.

“ಅಲ್ಲಾ ಸಾಬ್ರೇ, ನೀರ್ ಎತ್ತೋ ಯಂತ್ರಕ್ಕೆ ನೀರ್ ಯಾಕೆ ಕುಡಿಸ್ತಿದೀರಿ?”

“ಮೊದ್ಲು ಇದರ ಹೊಟ್ಟೆ ತುಂಬ್ಬೇಕಮ್ಮಾ. ಖಾಲಿ ಹೊಟ್ಟೇಲಿ ಇದು ಎಳೆಯಲ್ಲ.”

“ಸುರಿದಿದ್ದು ತಳದಲ್ಲಿ ಸೋರಿ ಹೋಗಲ್ವಾ?”

“ತಳದಲ್ಲಿ ಒಂದು ಬಾಗ್ಲು ಐತೆ. ಒಳಗೆ ಬಿಡ್ತದೆ, ಹೊರಗೆ ಬಿಡಲ್ಲ.”

ಒಳಗೆ ಬಿಡುವ, ಹೊರಗೆ ಬಿಡದ ಬಾಗಿಲು! ಅದನ್ನು ನೋಡದೆ ಅಮ್ಮ ಹೇಗೆ ಹೋದಾಳು? ತಮ್ಮನನ್ನು ನನ್ನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಹೊಟ್ಟೆ ಊರಿ ಬಾಗಿದಳು. ಹಾಲು ಕುಡಿಯುವಾಗ ತಮ್ಮ ಆ ಶಿವದಾರವನ್ನು ಜಗ್ಗಿ ಜಗ್ಗಿ ಎಳೆ ಎಳೆ ಮಾಡಿದ್ದ. ದಾರ ಬದಲಾಯಿಸು ಎಂದು ಅಜ್ಜಿ ಒಂದು ತಿಂಗಳಿಂದ ಹೇಳುತ್ತಿದ್ದಳು. ಕರಡಿಗೆ ಕಟ್ಟೆಯ ಕಲ್ಲಿಗೆ ಸಿಕ್ಕಿಕೊಂಡಿತು, ಅಮ್ಮ ಇನ್ನಷ್ಟು ಬಾಗಿದಳು. ಬೆಳ್ಳಗೆ ಏನೋ ಒಂದು ಹೊಳೆಯಿತು. ಆಮೇಲೆ ‘ಬುಳುಕ್’ ಅಂತ ಸಣ್ಣ ಸದ್ದು. ಒಂದು ಹುಣಸೆಹಣ್ಣು ಬಿದ್ದರೆ ಅದಕ್ಕಿಂತ ದೊಡ್ಡ ಸದ್ದಾಗುತ್ತದೆ.

ಅಮ್ಮ ಎದ್ದು ನಿಂತು ಎದೆ ಮುಟ್ಟಿಕೊಂಡಳು. ಮತ್ತೆ ಮುಟ್ಟಿಕೊಂಡಳು. ಬಾವಿಯಲ್ಲಿ ಉಂಗುರ ಉಂಗುರವಾಗಿ ಅಲೆ ಎದ್ದು ಗೋಡೆ ಮುಟ್ಟಿ ಸುಮ್ಮನಾಯಿತು. ನೀರು ಎರಡಾಳು ಇತ್ತು, ಹಸಿರು ಬಣ್ಣ. ಒಳಗಿನದು ಏನೂ ಕಾಣುತ್ತಿರಲಿಲ್ಲ. ಅಮ್ಮ ಕಟ್ಟೆಯ ಪಕ್ಕದ ತೆಂಗಿನ ಮರದ ಬುಡದಲ್ಲಿ ಕೂತಳು. “ಅದು ಸಿಗೋವರ್ಗೂ ನಾನ್ ಏಳಲ್ಲ” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಅಜ್ಜಿ ಬಂದಳು. “ಪೂಜೆಗಿಂತ ಇಂಜಿನ್ನೇ ಹೆಚ್ಚಾಯ್ತೇನೇ ನಿಂಗೆ? ನೀರುಕೋಳಿ, ನೀರುಕೋಳಿ! ದಾರ ಬದಲಾಯಿಸೇ ಅಂತ ಬಡ್ಕೊಂಡೆ.” ಅಪ್ಪ ಪಾತಾಳಗರಡಿ ತಂದ. ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಹಗ್ಗಕ್ಕೆ ಕಟ್ಟಿ ಬಿಡುವ ಕೊಕ್ಕೆಗಳ ಗೊಂಚಲು ಅದು. ಅಮ್ಮ ಅದನ್ನು ನೋಡಿ, “ಕೊಕ್ಕೆ ಹಾಕಿ ದೇವರನ್ನ ಎಳೀತೀರಾ?” ಅಂದಳು. ಅಪ್ಪ ಕೊಕ್ಕೆಯನ್ನು ಅಲ್ಲೇ ಇಟ್ಟ. ಊರಲ್ಲಿ ಮುಳುಗು ಹಾಕುವವನೊಬ್ಬನಿದ್ದ. ಅವನು ಬರುತ್ತೇನೆ ಅಂದ. ಇನ್ನೊಬ್ಬರ ಕೈ ತಾಗಬಾರದಲ್ಲ, ಅವನನ್ನೂ ಬೇಡ ಅಂದಳು. ತಾನೇ ಮುಳುಗುತ್ತೇನೆ ಎಂದು ಎದ್ದಳು. ಅಪ್ಪ ರಟ್ಟೆ ಹಿಡಿದು ಕೂರಿಸಿದ. ತಳದಲ್ಲಿ ಕೆಸರು, ಹಳೆಯ ಮುಳ್ಳುಕಂಟಿ, ಮೇಲೆ ಕೂಸು.

ಸುದ್ದಿ ತಿಳಿದು ಅಯ್ನೋರು ಬಂದರು. ಒಳ್ಳೆಯವರೇ.

“ನೋಡು ತಾಯಿ, ಸಂಜೆ ಒಳಗೆ ಮಠದಿಂದ ಹೊಸ ಲಿಂಗ ತಂದು ಕೊಡ್ತೀನಿ. ಅದಕ್ಕೆ ದಾರಿ ಐತೆ. ಅಲ್ಲೀವರ್ಗೂ ಕೂಸಿನ ಮುಖ ನೋಡಿ ಒಂದ್ ಗುಟುಕು ನೀರ್ ಕುಡಿ. ಪಾಪ ಏನಾದ್ರೂ ಬಂದ್ರೆ ನನಗಿರ್ಲಿ.”

ಅಮ್ಮ ಕೇಳಿದಳು, “ಹೊಸದು ಕೊಡ್ತೀರಿ ಸ್ವಾಮಿ. ಆಗ ಆ ನೀರಲ್ಲಿರೋದು ಯಾರ್ದು?”

ಅಯ್ನೋರು ಶಲ್ಯ ಸರಿಮಾಡಿಕೊಂಡರು. “ಇವಳಿಗೆ ಉತ್ತರ ಹೇಳೋಕೆ ದೊಡ್ಡ ಸ್ವಾಮಿಗಳೇ ಆಗ್ಬೇಕು” ಎಂದು ಅಪ್ಪನಿಗೆ ಹೇಳಿ ಮಠದ ಕಡೆ ಹೊರಟರು.

ಬಿಸಿಲು ಏರಿತು. ಬೇಸಿಗೆಯ ಬಿಸಿಲು ತೆಂಗಿನ ಗರಿಗಳ ನಡುವಿನಿಂದ ಚೂರು ಚೂರಾಗಿ ಇಳಿದು ಅಮ್ಮನ ಸೀರೆಯ ಮೇಲೆ ಓಡಾಡುತ್ತಿತ್ತು. ಗಾಳಿ ನಿಂತುಹೋಗಿತ್ತು. ಅಮ್ಮ ಹಿಂದಿನ ರಾತ್ರಿ ಕುಡಿದ ನೀರೇ ಕೊನೆ. ತಮ್ಮ ಎದೆಗೆ ಬಾಯಿ ಹಾಕುತ್ತಿದ್ದ, ಬಿಡುತ್ತಿದ್ದ, ಕಿರುಚುತ್ತಿದ್ದ. ಮತ್ತೆ ಹಾಕುತ್ತಿದ್ದ. ಅಕ್ಕ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಲು ನೋಡಿದಳು. ಅವನು ಅಷ್ಟನ್ನೂ ಅವಳ ಮೇಲೆ ಉಗಿದ.

ನಾನು ಒಂದು ಚೊಂಬು ನೀರು ತಂದು ಅಮ್ಮನ ಮುಂದೆ ಹಿಡಿದೆ. “ಯಾರೂ ನೋಡ್ತಿಲ್ಲ, ಕುಡಿಯಮ್ಮಾ” ಅಂದೆ. ಅಮ್ಮನ ತುಟಿ ಬಿರಿದಿತ್ತು. ಚೊಂಬು ಇಸಿದುಕೊಂಡಳು. ಕುಡಿಯುತ್ತಾಳೆ ಅಂದುಕೊಂಡೆ. ಸೆರಗಿನ ತುದಿಯನ್ನು ಅದರಲ್ಲಿ ಅದ್ದಿ ತಮ್ಮನ ನೆತ್ತಿ ಒರೆಸಿದಳು, ಉಳಿದದ್ದನ್ನು ಮರದ ಬುಡಕ್ಕೆ ಚೆಲ್ಲಿದಳು. ನನಗೆ ಆ ಲಿಂಗದ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹೇಳಿದರೆ ತಪ್ಪೋ ಏನೋ, ಬಂದದ್ದು ನಿಜ.

ಮಧ್ಯಾಹ್ನದ ಹೊತ್ತಿಗೆ ಅಮ್ಮ ತಾನಾಗಿಯೇ ಮಾತಾಡಿದಳು, ಅಪ್ಪನ ಹತ್ತಿರ ಅಲ್ಲ, ಸಾಬರ ಹತ್ತಿರ.

“ಸಾಬ್ರೇ, ನಿಮ್ ಇಂಜಿನ್ನು ಈ ಬಾವೀನ ಪೂರ್ತಿ ಕುಡಿಯೋಕೆ ಎಷ್ಟೊತ್ತು ತಗೊಳ್ತದೆ?”

ಸಾಬರು ಬಾವಿ ಬಗ್ಗಿ ನೋಡಿ ಗಡ್ಡ ಕೆರೆದುಕೊಂಡರು. “ಎರಡ್ ಗಂಟೆ, ಹೆಚ್ಚಂದ್ರೆ ಮೂರು. ಆದ್ರೆ ಪೂಜೆ ಆಗಿಲ್ವಲ್ಲಮ್ಮಾ. ನಾನ್ ಮುಟ್ಟಿ ಹೊಡೆದ್ರೆ ನಾಳೆ ಊರವ್ರು ಏನಂತಾರೆ?”

ಅಪ್ಪ ಅಜ್ಜಿಯ ಮುಖ ನೋಡಿದ. ಸೋಮವಾರದ ಪೂಜೆ ಅಜ್ಜಿಯ ಮಾತು. ಅವಳ ಮಾತು ಮೀರಿ ನಮ್ಮ ಮನೆಯಲ್ಲಿ ಒಂದು ಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ತಮ್ಮ ಆ ಹೊತ್ತಿಗೆ ಅಳುವುದನ್ನು ನಿಲ್ಲಿಸಿ ಬರೀ ಬಿಕ್ಕುತ್ತಿದ್ದ. ಅಜ್ಜಿ ಸರಸರ ನಡೆದು ಇಂಜಿನ್ ಹತ್ತಿರ ಹೋದಳು. ತನ್ನ ಹಣೆಯ ವಿಭೂತಿಯನ್ನು ಮೂರು ಬೆರಳಲ್ಲಿ ಬಳಿದು ತೆಗೆದು ಆ ಕಪ್ಪು ಕಬ್ಬಿಣಕ್ಕೆ ಹಚ್ಚಿದಳು.

“ಆಯ್ತು ಪೂಜೆ. ಹೊಡೀರಿ ಸಾಬ್ರೇ. ಅಯ್ನೋರ್ ಕೇಳಿದ್ರೆ ಮುದುಕಿಗೆ ತಲೆ ಕೆಟ್ಟಿತ್ತು ಅನ್ನಿ.”

ಸಾಬರು ಹಿಡಿಕೆ ಹಾಕಿ ತಿರುಗಿಸಿದರು. ಇಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ಟುಕು ಟುಕು ಟುಕು ಎಂದು ಹಿಡಿದುಕೊಂಡಿತು. ಬಾವಿಯ ಗೋಡೆಯ ಪೊಟರೆಗಳಿಂದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಪೈಪಿನ ಬಾಯಲ್ಲಿ ಮೊದಲು ಗಾಳಿ, ಆಮೇಲೆ ನೊರೆ, ಆಮೇಲೆ ನನ್ನ ತೊಡೆ ಗಾತ್ರದ ನೀರು! ಕಾಲುವೆ ತುಂಬಿ ತರಗೆಲೆಗಳು ತೇಲುತ್ತಾ ಹೊರಟವು. ನಾನು ಅದರಲ್ಲಿ ಕಾಲಿಟ್ಟುಕೊಂಡು ನಿಂತೆ. ಅಷ್ಟು ತಣ್ಣಗಿನ ನೀರನ್ನು ಆಮೇಲೆ ಎಲ್ಲೂ ಕಂಡಿಲ್ಲ.

ನೀರು ಇಳಿಯುತ್ತಾ ಹೋಯಿತು. ನಾವು ಎಂದೂ ನೋಡದ ಬಾವಿ ಒಂದೊಂದೇ ಕಲ್ಲಾಗಿ ಹೊರಗೆ ಬಂತು. ಪಾಚಿ ಹಿಡಿದ ಗೋಡೆ, ಅದರ ಮೇಲೆ ಏನೂ ತಿಳಿಯದೆ ಕೂತ ಕಪ್ಪೆಗಳು, ಎರಡು ತಾಮ್ರದ ಬಿಂದಿಗೆ, ಒಂದು ಕುಡುಗೋಲು. ಹಳೆಯ ನೀರಿನ ವಾಸನೆ ಮೇಲಕ್ಕೆ ಬಂತು, ಕತ್ತಲೆ ಕೋಣೆಯಲ್ಲಿ ಮಳೆ ಬಂದ ಹಾಗೆ. ತಳ ಕಾಣುವ ಹೊತ್ತಿಗೆ ಅಮ್ಮ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ ನಿಂತಿದ್ದಳು. ಅಪ್ಪ ಬೇಡ ಅನ್ನಲಿಲ್ಲ, ಅವಳ ನಡುವಿಗೆ ಹಗ್ಗ ಬಿಗಿದ. ಸಾಬರು ಇಂಜಿನ್ ನಿಲ್ಲಿಸಿ, “ಬೇಗ ಬನ್ನಿ ಅಮ್ಮಾ, ಊಟೆ ಜೋರಾಗೈತೆ, ನೀರ್ ತುಂಬ್ತದೆ” ಅಂದರು.

ಗೋಡೆಯಿಂದ ಚಾಚಿದ ಕಲ್ಲುಗಳೇ ಮೆಟ್ಟಿಲು. ಅಮ್ಮ ಒಂದೊಂದನ್ನೇ ಕಾಲಲ್ಲಿ ತಡಕಿ ಇಳಿದಳು. ಇಳಿದಷ್ಟೂ ಚಿಕ್ಕವಳಾದಳು. ತಳದಲ್ಲಿ ಮೊಳಕಾಲ ಕೆಳಗಿನ ನೀರು. ಲಿಂಗಕ್ಕೆ ಕಾಲು ತಾಗೀತು ಎಂದು ನಿಂತಲ್ಲೇ ನಿಂತು ಎರಡು ಕೈಯನ್ನೂ ಕೆಸರಿಗೆ ಇಳಿಬಿಟ್ಟು ಹುಡುಕಿದಳು, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ, ಆತುರವಿಲ್ಲದೆ.

ಅಮ್ಮನ ಬೆರಳುಗಳು ಒಂದು ಕಡೆ ನಿಂತವು. ಕೈ ಎತ್ತಿದಳು.

“ಸಿಕ್ತೇನೇ?” ಅಜ್ಜಿ ಕೂಗಿದಳು.

ಅಮ್ಮ ಕರಡಿಗೆಯನ್ನು ಮೂರು ಸಲ ತೊಳೆದಳು. ಬಿಚ್ಚಿದಳು. ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ನಿಂತೇ ಬಿಟ್ಟಳು, ಮನೆಯ ಮಣೆ ಮೇಲೆ ಕೂತ ಹಾಗೆಯೇ, ಕಣ್ಣು ಅಂಗೈಯಲ್ಲಿ. ಬೆಳಗಿನ ಪೂಜೆ ಬಾಕಿ ಇತ್ತಲ್ಲ.

“ಮೇಲೆ ಬಂದು ಮಾಡೇ ಮಾರಾಯ್ತೀ! ನೀರ್ ಬರ್ತೈತೆ ಕಣೇ!” ಅಜ್ಜಿ ಕಟ್ಟೆ ಬಡಿದಳು. ಅಪ್ಪ ಹಗ್ಗ ಜಗ್ಗಿದ. ಸಾಬರು ಅಪ್ಪನ ಕೈ ಹಿಡಿದು, “ಬಿಡಿ ಯಜಮಾನ್ರೇ. ದೇವ್ರ ಮುಂದೆ ನಿಂತವ್ರನ್ನ ಎಳೀಬಾರ್ದು” ಅಂದರು. ಆಮೇಲೆ ಯಾರೂ ಕೂಗಲಿಲ್ಲ. ಸೂರ್ಯ ಓರೆಯಾಗಿದ್ದ. ಒಂದು ಕೋಲು ಬಿಸಿಲು ಬಾವಿಯೊಳಗೆ ಇಳಿದು ಒದ್ದೆ ಗೋಡೆಗೆ ಬಡಿದು, ಅಲ್ಲಿಂದ ನೀರಿಗೆ ಬಿದ್ದು, ಅಮ್ಮನ ಮುಖದ ಮೇಲೆ ಅಲ್ಲಾಡುತ್ತಿತ್ತು. ನೀರು ಮೊಳಕಾಲಿಗೆ ಬಂತು. ತೊಡೆಗೆ ಬಂತು. ಅವಳ ಸೆರಗು ತೇಲಿ ಹೂವಿನ ಎಸಳಿನ ಹಾಗೆ ಹರಡಿಕೊಂಡಿತು. ಅದು ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ.

ಕೊನೆಗೆ ಅಮ್ಮ ಲಿಂಗವನ್ನು ಕರಡಿಗೆಗೆ ಸೇರಿಸಿ, ಸೆರಗಿನಲ್ಲಿ ಗಂಟು ಹಾಕಿಕೊಂಡು, ಗೋಡೆಯ ಬಿರುಕಿನಿಂದ ಚಿಮ್ಮುತ್ತಿದ್ದ ಊಟೆಗೆ ಬೊಗಸೆ ಒಡ್ಡಿ ನೀರು ಕುಡಿದಳು. ಒಂದು ಬೊಗಸೆ, ಎರಡು, ಮೂರು. ಆಮೇಲೆ ಹತ್ತಿ ಬರಬೇಕು ತಾನೇ? ಇಲ್ಲ. ಸುತ್ತ ನೋಡಿದಳು. ಬಿರುಕಿಗೆ ಕಿವಿ ಇಟ್ಟಳು. ತಲೆ ಎತ್ತಿ ಆಕಾಶ ನೋಡಿದಳು. ಆಮೇಲೆ ನನ್ನ ಕಡೆ ಕೈ ಬೀಸಿ ಕರೆದಳು. “ಇಳಿದು ಬಾರೇ ಮಗಾ! ನೀರು ಎಲ್ಲಿಂದ ಹುಟ್ತದೆ ತೋರಿಸ್ತೀನಿ. ಅಪ್ಪ ಹಗ್ಗ ಕಟ್ತಾರೆ, ಬಾ!”

ನಾನು ಕಟ್ಟೆಯನ್ನು ತಬ್ಬಿಕೊಂಡು ನಿಂತೆ. ಇಳಿಯಲಿಲ್ಲ. ಹೆದರಿಕೆ ಆಯಿತು, ಅಷ್ಟೇ. ಆ ಬಾವಿಯ ತಳವನ್ನು ನಾನು ಮತ್ತೆಂದೂ ಕಾಣಲಿಲ್ಲ.

ಮೇಲೆ ಬಂದವಳೇ ಮರದ ಬುಡದಲ್ಲಿ ಕೂತು ತಮ್ಮನನ್ನು ಎದೆಗೆ ಹಾಕಿಕೊಂಡಳು. ಇನ್ನೆರಡು ಚೊಂಬು ನೀರು ಕುಡಿದಳು. ಸ್ವಲ್ಪ ಹೊತ್ತಿಗೆ ತಮ್ಮ ಗುಟುಕು ಗುಟುಕು ನುಂಗುವ ಸದ್ದು ಕೇಳಿಸಿತು. ಅಜ್ಜಿ ಹೊಸ ದಾರ ಹೊಸೆಯುತ್ತಾ ಪಕ್ಕದಲ್ಲೇ ಕೂತಿದ್ದಳು, ಕಣ್ಣು ಒರೆಸಿಕೊಂಡು, ಬೈಯುತ್ತಾ. ಅಮ್ಮ ಅವಳ ಕಡೆ ತಿರುಗಿದಳು.

“ಅತ್ತೆಮ್ಮಾ, ಬಾವಿ ತಳದಲ್ಲಿ ನಿಂತ್ರೆ ಹಗಲೊತ್ತೇ ಚುಕ್ಕಿ ಕಾಣ್ತವೆ ಅಂತಿದ್ರಲ್ಲ.”

“ನಮ್ಮಪ್ಪ ಹೇಳೋನು. ಯಾಕೆ?”

“ಸುಳ್ಳು. ಒಂದೂ ಇಲ್ಲ.”

ಅಜ್ಜಿ ದಾರ ಬಿಟ್ಟು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಸಂಜೆ ಅಯ್ನೋರು ಹೊಸ ಲಿಂಗ ತಂದರು. ಬೇಡವಾಯಿತು. ಕಾಫಿ ಕುಡಿದು ಹೋದರು.

ಅಮ್ಮ ತೊಂಬತ್ತು ದಾಟಿದಳು. ಅಜ್ಜಿ ಹೋದಳು, ಅಪ್ಪ ಹೋದ, ಅಂದು ಹಾಲಿಗೆ ಅತ್ತ ತಮ್ಮನಿಗೂ ತಲೆ ಬೆಳ್ಳಗಾಯಿತು. ಅವಳ ಬೆಳಗಿನ ಪೂಜೆ ಒಂದು ದಿನವೂ ತಪ್ಪಲಿಲ್ಲ, ಪ್ರಶ್ನೆಯೂ ತಪ್ಪಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಮಾಡುವಾಗ, ಆ ಟೀವಿ ಈ ಕಡೆ ತಿರುಗಿಸಮ್ಮಾ, ನಂದು ನಾನೂ ನೋಡ್ಬೇಕು ಎಂದು ಹಟ ಹಿಡಿದಳು. ತಿರುಗಿಸಿದರು. ತನ್ನ ಗುಂಡಿಗೆ ಬಡಿದುಕೊಳ್ಳುವುದನ್ನು ಬಹಳ ಹೊತ್ತು ನೋಡಿ, “ಇದಕ್ಕೂ ಒಂದು ಬಾಗ್ಲು ಐತೆ ನೋಡು, ಒಳಗೆ ಬಿಡ್ತದೆ, ಹೊರಗೆ ಬಿಡಲ್ಲ” ಅಂದಳು. ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ, “ಹೌದು ಅಜ್ಜಿ, ಅದನ್ನ ವಾಲ್ವ್ ಅಂತಾರೆ” ಅಂದಳು. ಸತ್ತಾಗ ನಮ್ಮ ಪದ್ಧತಿಯಂತೆ ತೋಟದಲ್ಲೇ ಕೂರಿಸಿ ಮಣ್ಣು ಮಾಡಿದೆವು, ಲಿಂಗ ಅವಳ ಅಂಗೈಯಲ್ಲೇ ಇತ್ತು. ಅತ್ತೆವು. ಮೂರನೆಯ ದಿನಕ್ಕೆ ಕೊಬ್ಬರಿ ಕೆಲಸ ಇತ್ತು, ಮಾಡಿದೆವು.

ಈಗ ನೀವಿದ್ದೀರಿ, ಮೊಮ್ಮಕ್ಕಳು. ನಿಮಗೆ ಬಾವಿ ಇಲ್ಲ ಎಂದು ನಾನು ಅಳುವುದಿಲ್ಲ. ನೀರು ಸೇದಿ ಸೇದಿ ನನ್ನ ಅಂಗೈ ಒಡೆದು ರಕ್ತ ಬರುತ್ತಿತ್ತು. ನಲ್ಲಿ ತಿರುಗಿಸಿದರೆ ಬರುವ ನೀರೇ ಒಳ್ಳೆಯದು. ಊರಿನ ಆ ಬಾವಿಗೂ ಈಗ ಕಲ್ಲು ಮಣ್ಣು ತುಂಬಿಯಾಗಿದೆ. ಪಕ್ಕದಲ್ಲಿ ಸಾವಿರ ಅಡಿ ಕೊಳವೆ ಬಾವಿ ಇದೆ, ಅದರ ಬಾಯಿ ಒಂದು ತಟ್ಟೆಯಷ್ಟು. ಅದರೊಳಗೆ ಇಳಿದು ನೋಡಿದವರು ಯಾರೂ ಇಲ್ಲ. ನಿಮಗೆ ಏನಾದರೂ ತಿಳಿಯಬೇಕಾದರೆ ಫೋನಿಗೆ ಕೇಳುತ್ತೀರಿ, ಅದು ಹೇಳಿಬಿಡುತ್ತದೆ. ಹೇಳಿದ್ದು ನಿಜವೋ ಸುಳ್ಳೋ ಎಂದು ನೀವು ಎದ್ದು ಹೋಗಿ ನೋಡುವುದು ಮಾತ್ರ ಕಡಿಮೆ.

ಎಲ್ಲರೂ ಹಾಗಲ್ಲ. ಹೋದ ತಿಂಗಳು ನಮ್ಮ ತುಮಕೂರಿನ ಮನೆಯ ಸಂಪು ಖಾಲಿ ಮಾಡಿ ತೊಳೆಸಿದೆವು. ಮೊಮ್ಮಗಳು, ನಿಮ್ಮೆಲ್ಲರಲ್ಲಿ ಚಿಕ್ಕವಳು, ನಾನು ಉಜ್ಜುತ್ತೇನೆ ಎಂದು ಪೊರಕೆ ಹಿಡಿದು ಏಣಿಯಲ್ಲಿ ಇಳಿದಳು. ಒಳಗಿನಿಂದ ಕೂಗಿದಳು, “ಅಜ್ಜೀ, ಇಲ್ಲಿ ಒಂದು ಸಲ ಕೂಗಿದ್ರೆ ಎರಡು ಸಲ ಕೇಳುತ್ತೆ!” ನಾನು, “ಸುಮ್ನೆ ಉಜ್ಜಿ ಮೇಲೆ ಬಾ, ನೆಗಡಿ ಆಗ್ತದೆ” ಅಂದೆ.

ಅವಳು ಬಂದಳು. ಎಲ್ಲರೂ ತಿಂಡಿಗೆ ಒಳಗೆ ಹೋದರು. ಏಣಿ ಇನ್ನೂ ಅಲ್ಲೇ ಇತ್ತು. ನನಗೆ ಮಂಡಿ ನೋವು, ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರೆ. ಇಳಿಯಬೇಡಿ ಅಂತ ಅವರು ಹೇಳಿಲ್ಲ. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಒಂದೊಂದೇ ಮೆಟ್ಟಿಲು ಕಾಲಲ್ಲಿ ತಡಕಿ ಇಳಿದೆ. ಒಳಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ನಾಲ್ಕು ಸಿಮೆಂಟು ಗೋಡೆ, ಒಂದು ಪೈಪು, ಒದ್ದೆ ವಾಸನೆ, ತಲೆಯ ಮೇಲೆ ಚೌಕವಾಗಿ ಕತ್ತರಿಸಿದ ಬೆಳಕು. ಸ್ವಲ್ಪ ಹೊತ್ತು ನಿಂತೆ. ಆಮೇಲೆ ಒಂದು ಸಲ ಜೋರಾಗಿ ಕೂಗಿದೆ.

ಹುಡುಗಿ ಹೇಳಿದ್ದು ನಿಜ. ಎರಡು ಸಲ ಕೇಳಿಸಿತು.